ಬಿಳಿಮೋಡದ ಬೆಟ್ಟದಿಂದ ನಮ್ಮ ಪಡಸಾಲೆಗೆ

ಭಾನುವಾರದ ಸಂಜೆ ಬೆಂಗಳೂರಿನ ಯಾವುದೇ ಬಡಾವಣೆಯ ಅಕ್ವೇರಿಯಂ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಒಂದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಪ್ಪನ ಕೈ ಹಿಡಿದ ಮಗು, ಮಗುವಿನ ಕೈಯಲ್ಲಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಎರಡು ಪುಟ್ಟ ಗೋಲ್ಡ್‌ಫಿಶ್. ಜೊತೆಗೊಂದು ದುಂಡನೆಯ ಗಾಜಿನ ಬಟ್ಟಲು, ಒಂದು ಮುಷ್ಟಿ ಬಣ್ಣದ ಕಲ್ಲು, ಒಂದು ಡಬ್ಬಿ ಆಹಾರ. ಒಟ್ಟು ಖರ್ಚು ಒಂದು ಸಿನಿಮಾ ನೋಡಿದ್ದಕ್ಕಿಂತ ಕಡಿಮೆ. ಬುಧವಾರಕ್ಕೆ ನೀರು ಮಸುಕಾಗುತ್ತದೆ, ಶುಕ್ರವಾರಕ್ಕೆ ಒಂದು ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತದೆ. ಮುಂದಿನ ಭಾನುವಾರದ ಹೊತ್ತಿಗೆ ಬಟ್ಟಲು ಖಾಲಿ. ‘ಮೀನಿಗೆ ಆಯಸ್ಸು ಅಷ್ಟೇ ಮಗಾ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅನೇಕ ಮಕ್ಕಳು ಸಾವನ್ನು ಮೊದಲ ಬಾರಿಗೆ ಕಾಣುವುದು ಹೀಗೆ.

ಆ ಸಮಾಧಾನದ ಮಾತು ಶುದ್ಧ ಸುಳ್ಳು. ಗೋಲ್ಡ್‌ಫಿಶ್‌ನ ಆಯಸ್ಸು ಹತ್ತು ವರ್ಷಕ್ಕೂ ಮಿಕ್ಕಿದ್ದು. 1956ರಲ್ಲಿ ಬ್ರಿಟನ್ನಿನ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕಿದ್ದ ‘ಟಿಶ್’ ಎಂಬ ಗೋಲ್ಡ್‌ಫಿಶ್ ತೀರಿಕೊಂಡಿದ್ದು 1999ರಲ್ಲಿ, ತನ್ನ 43ನೆಯ ವಯಸ್ಸಿನಲ್ಲಿ. ನಮ್ಮ ಮನೆಗಳಲ್ಲಿ ಒಂದೇ ವಾರದಲ್ಲಿ ಸಾಯುವ ಮೀನು ಮುಪ್ಪಿನಿಂದ ಸಾಯುವುದಿಲ್ಲ, ವಿಷದಿಂದ ಸಾಯುತ್ತದೆ. ಆ ವಿಷ ಎಲ್ಲಿಂದಲೋ ಬಂದದ್ದಲ್ಲ, ಅದರದೇ ದೇಹದಿಂದ ಹೊರಬಂದದ್ದು. ಆ ವಿಚಾರಕ್ಕೆ ಆಮೇಲೆ ಬರೋಣ.

ಮೊದಲಿಗೆ ಮೀನಿನ ಆಯ್ಕೆಯ ಪ್ರಶ್ನೆ. ಗೋಲ್ಡ್‌ಫಿಶ್ ತಣ್ಣೀರಿನ ಮೀನು ಎಂಬುದು ನಿಜ. ಚೀನೀಯರು ಸಾವಿರ ವರ್ಷಗಳ ಹಿಂದೆಯೇ ಅದನ್ನು ಅಂಗಳದ ಕೊಳಗಳಲ್ಲಿ ಸಾಕಿ, ಬಣ್ಣ ಆರಿಸಿ, ತಳಿ ಬೆಳೆಸಿದರು. ಆದರೆ ಅದು ಗೆಂಡೆ ಮೀನಿನ ಹತ್ತಿರದ ನೆಂಟ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವುದು ಸರಿಯಾಗಿ ಬೆಳೆದರೆ ಅಂಗೈ ಉದ್ದವನ್ನೂ ಮೀರುತ್ತದೆ. ಹೆಚ್ಚು ತಿನ್ನುತ್ತದೆ, ತಿಂದಷ್ಟೂ ನೀರನ್ನು ಕೊಳೆ ಮಾಡುತ್ತದೆ. ಇಂಥ ಮೀನಿಗೆ ಎರಡು ಲೀಟರಿನ ಬಟ್ಟಲು ಕೊಡುವುದೆಂದರೆ ಎಮ್ಮೆಯನ್ನು ಸ್ನಾನದ ಕೋಣೆಯಲ್ಲಿ ಕಟ್ಟಿದಂತೆ. ಇಟಲಿಯ ಮೋಂಝಾ ನಗರ 2004ರಲ್ಲಿ, ರೋಮ್ ನಗರ 2005ರಲ್ಲಿ ದುಂಡು ಬಟ್ಟಲಿನಲ್ಲಿ ಮೀನು ಇಡುವುದನ್ನೇ ನಿಷೇಧಿಸಿದವು. ಭಾರತ ಸರ್ಕಾರವೂ 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗೆ ಕಟ್ಟುನಿಟ್ಟಿನ ನಿಯಮಗಳನ್ನು ಹೊರಡಿಸಿತ್ತು. ವ್ಯಾಪಾರಿಗಳ ವಿರೋಧದ ನಂತರ ಅವನ್ನು ಹಿಂತೆಗೆದುಕೊಂಡಿತು. ಕಾನೂನು ಬರಲಿ ಬಾರದಿರಲಿ, ಹೊಸಬರು ಗೋಲ್ಡ್‌ಫಿಶ್‌ನಿಂದ ಆರಂಭಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಯಾವುದರಿಂದ? ಚಿಕ್ಕದಾಗಿದ್ದು, ಗಟ್ಟಿ ಜೀವವಾಗಿದ್ದು, ನೀರು ಕಾಯಿಸುವ ಹೀಟರನ್ನು ಕೇಳದ ಮೀನು ಯಾವುದು? ಅದಕ್ಕೆ ಉತ್ತರ ಹುಡುಕುತ್ತ ಹೋದರೆ ದಕ್ಷಿಣ ಚೀನಾದ ಒಂದು ಬೆಟ್ಟ ಸಿಗುತ್ತದೆ. ಗುವಾಂಗ್‌ಝೌ ನಗರದ ಪಕ್ಕದಲ್ಲೇ ಇರುವ ಅದರ ಹೆಸರು ಬೈಯುನ್. ಅರ್ಥ, ಬಿಳಿಮೋಡ. ಕಳೆದ ಶತಮಾನದ ಮೂವತ್ತರ ದಶಕದ ಆರಂಭದಲ್ಲಿ ಟಾನ್ ಎಂಬ ಸ್ಕೌಟ್ ಶಿಕ್ಷಕರಿಗೆ ಆ ಬೆಟ್ಟದ ತೊರೆಯಲ್ಲಿ ಒಂದೂವರೆ ಅಂಗುಲದ ಮೀನೊಂದು ಕಾಣಿಸಿತು. ಬೆನ್ನು ಕಂದು, ಬಾಲ ಮತ್ತು ರೆಕ್ಕೆಗಳಲ್ಲಿ ಕೆಂಪು, ಕಣ್ಣಿನಿಂದ ಬಾಲದವರೆಗೆ ಹೊಳೆಯುವ ಒಂದು ಗೆರೆ. 1932ರಲ್ಲಿ ಲಿನ್ ಶು-ಯೆನ್ ಎಂಬ ಮತ್ಸ್ಯತಜ್ಞರು ಅದಕ್ಕೆ ‘ಟಾನಿಕ್ತಿಸ್ ಅಲ್ಬೊನ್ಯೂಬಿಸ್’ ಎಂದು ಹೆಸರಿಟ್ಟರು. ‘ಬಿಳಿಮೋಡದ, ಟಾನ್ ಅವರ ಮೀನು’ ಎಂದು ಅದನ್ನು ಬಿಡಿಸಿ ಹೇಳಬಹುದು. ವಿಜ್ಞಾನದ ನಾಮಕರಣದಲ್ಲಿ ಒಬ್ಬ ಸ್ಕೌಟ್ ಮೇಷ್ಟರಿಗೆ ಒಂದು ಇಡೀ ಕುಲದ ಹೆಸರೇ ದಕ್ಕಿದ್ದು ಅಪರೂಪದ ಗೌರವವೇ ಸರಿ. ಅಂಗಡಿಗಳಲ್ಲಿ ಅದು ‘ವೈಟ್ ಕ್ಲೌಡ್ ಮೌಂಟನ್ ಮಿನೋ’, ಸಂಕ್ಷೇಪವಾಗಿ ‘ವೈಟ್ ಕ್ಲೌಡ್’.

ಇದಕ್ಕೆ ಇನ್ನೊಂದು ಅಡ್ಡಹೆಸರೂ ಇತ್ತು: ‘ಬಡವರ ನಿಯಾನ್ ಟೆಟ್ರಾ’. ಅಮೆಜಾನ್ ಸೀಮೆಯಿಂದ ಬಂದ ನಿಯಾನ್ ಟೆಟ್ರಾ ದುಬಾರಿಯಾಗಿದ್ದ ಕಾಲದಲ್ಲಿ, ಎಳೆಯ ವೈಟ್ ಕ್ಲೌಡಿನ ನೀಲಿ ಹೊಳಪಿನ ಗೆರೆ ಅದನ್ನೇ ನೆನಪಿಸುತ್ತಿತ್ತು. ಟೆಟ್ರಾಗೆ ಬೆಚ್ಚನೆಯ, ಮೆದು ನೀರೇ ಬೇಕು. ವೈಟ್ ಕ್ಲೌಡಿಗೆ ಅಂಥ ಹಟವಿಲ್ಲ. 16ರಿಂದ 22 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ನೀರು 10 ಡಿಗ್ರಿಗಿಂತ ಕೆಳಗಿಳಿದರೂ ಮುದುಡಿಕೊಂಡು ತಾಳಿಕೊಳ್ಳುತ್ತದೆ. ಗಡಸು ನೀರಿಗೂ ಹೊಂದಿಕೊಳ್ಳುತ್ತದೆ.

ಈ ಮೀನಿನ ಕಥೆಯಲ್ಲಿ ಒಂದು ವಿಷಾದವಿದೆ. ಗುವಾಂಗ್‌ಝೌ ಬೆಳೆಯಿತು, ಬೆಟ್ಟ ಪ್ರವಾಸಿ ತಾಣವಾಯಿತು, ತೊರೆಗಳು ಕೆಟ್ಟವು. 1980ರ ಹೊತ್ತಿಗೆ ಬೈಯುನ್ ಬೆಟ್ಟದಲ್ಲಿ ಆ ಮೀನೇ ಇಲ್ಲವಾಗಿತ್ತು. ಚೀನಾದ ವಿಜ್ಞಾನಿಗಳು ಅದು ನಿಸರ್ಗದಿಂದ ಅಳಿದೇಹೋಯಿತೆಂದು ತೀರ್ಮಾನಿಸಿದ್ದರು. ವಿಪರ್ಯಾಸವೆಂದರೆ, ಅದೇ ಕಾಲದಲ್ಲಿ ಯುರೋಪು, ಅಮೆರಿಕ, ಏಷ್ಯಾಗಳ ಲಕ್ಷಾಂತರ ಗಾಜಿನ ತೊಟ್ಟಿಗಳಲ್ಲಿ ಅದು ನಿರಾತಂಕವಾಗಿ ಮೊಟ್ಟೆಯಿಡುತ್ತಿತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ಗುವಾಂಗ್‌ಡಾಂಗ್ ಪ್ರಾಂತದ ಕೆಲವು ಒಂಟಿ ತೊರೆಗಳಲ್ಲಿ, 2007ರಲ್ಲಿ ಹೈನಾನ್ ದ್ವೀಪದಲ್ಲಿ ಅದರ ಕಾಡು ಸಂತತಿ ಮತ್ತೆ ಸಿಕ್ಕಿತು. ಹಾಗೆಂದು ನಮ್ಮ ತೊಟ್ಟಿಯ ಮೀನನ್ನು ಅಲ್ಲಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವಂತಿಲ್ಲ. ಹಲವು ದಶಕಗಳಿಂದ ಸಾಕುಕೇಂದ್ರಗಳಲ್ಲಿ ಒಂದೇ ಬಳಗದೊಳಗೆ ಕೂಡುತ್ತ ಬಂದ ಮೀನುಗಳ ವಂಶವಾಹಿ ವೈವಿಧ್ಯ ಕುಗ್ಗಿಹೋಗಿದೆ. ಆದರೆ ಇದರಿಂದ ಕೊಳ್ಳುವವನಿಗೆ ಒಂದು ನೆಮ್ಮದಿ ಇದೆ. ಅಂಗಡಿಯಲ್ಲಿ ಸಿಗುವ ವೈಟ್ ಕ್ಲೌಡ್ ಸಾಕುಕೇಂದ್ರದಲ್ಲೇ ಹುಟ್ಟಿದ್ದು. ಅದನ್ನು ತಂದರೆ ಯಾವ ತೊರೆಯೂ ಬರಿದಾಗುವುದಿಲ್ಲ.

ಬೆಂಗಳೂರಿಗೆ, ಮೈಸೂರಿಗೆ, ಹಾಸನ ಮಡಿಕೇರಿಗಳಿಗೆ ಇದು ಹೇಳಿ ಮಾಡಿಸಿದಂಥ ಮೀನು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ನಗರದಲ್ಲಿ ಮನೆಯೊಳಗಿನ ತೊಟ್ಟಿಯ ನೀರು ವರ್ಷದ ಬಹುಕಾಲ 20ರಿಂದ 25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕಲಬುರಗಿ, ರಾಯಚೂರು, ಮಂಗಳೂರಿನವರು ಮಾತ್ರ ಇದರ ಆಸೆ ಬಿಡುವುದು ಒಳ್ಳೆಯದು. ಅಲ್ಲಿನ ಸೆಖೆಯಲ್ಲಿ ಈ ಜೀವ ಬಹುಕಾಲ ಬಾಳುವುದಿಲ್ಲ.

ಈಗ ವಿಷದ ಮಾತು. ಮೀನು ತನ್ನ ದೇಹದ ಸಾರಜನಕದ ಕಶ್ಮಲವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ಕೆರೆಯಲ್ಲಾದರೆ ಅದು ಅಪಾರ ನೀರಿನಲ್ಲಿ ಕರಗಿಹೋಗುತ್ತದೆ, ಬಟ್ಟಲಿನಲ್ಲಿ ಶೇಖರವಾಗುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಬರುವುದು ಅದೇ ಅಮೋನಿಯಾ. ಕಿವಿರು ಸುಟ್ಟಂತಾಗಿ ಮೀನು ಉಸಿರಿಗಾಗಿ ಮೇಲ್ಮೈಗೆ ಬರುತ್ತದೆ. ಆಗ ಗಾಬರಿಗೊಂಡ ಮನೆಯವರು ಏನು ಮಾಡುತ್ತಾರೆ? ಹಸಿವಾಗಿದೆ ಎಂದುಕೊಂಡು ಇನ್ನೊಂದು ಚಿಟಿಕೆ ಆಹಾರ ಹಾಕುತ್ತಾರೆ.

ಪ್ರಕೃತಿ ಇದಕ್ಕೊಂದು ಪರಿಹಾರ ಇಟ್ಟಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಕೊನೆಯ ನೈಟ್ರೇಟ್ ಮಾತ್ರ ಬಹುಮಟ್ಟಿಗೆ ನಿರುಪದ್ರವಿ, ಗಿಡಗಳಿಗೆ ಗೊಬ್ಬರ. ಹೊಲದ ಮಣ್ಣಿನಲ್ಲಿ ನಡೆಯುವುದೂ ಇದೇ ವ್ಯಾಪಾರ. ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದರು. ತೊಟ್ಟಿಯಲ್ಲಿ ಇವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಮರಳು, ಎಲೆ, ಕಲ್ಲುಗಳ ಮೇಲೆ ಅಂಟಿಕೊಂಡು ಬದುಕುತ್ತವೆ. ಮೊಸರಿಗೆ ಹೆಪ್ಪು ಇದ್ದಂತೆ ಇದು. ಹೊಸ ತೊಟ್ಟಿಯಲ್ಲಿ ಹೆಪ್ಪು ಇರುವುದಿಲ್ಲ, ತಾನಾಗಿಯೇ ಕೂಡಿಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ಮತ್ತು ಮೀನನ್ನು ಒಂದೇ ದಿನ ಕೊಂಡವರ ಮೀನು ಸಾಯುವುದಕ್ಕೆ ಇದೇ ಮೂಲ ಕಾರಣ. ಅಂಗಡಿಯಾತ ಈ ಮಾತು ಹೇಳುವುದಿಲ್ಲ. ಮುಂದಿನ ತಿಂಗಳು ಬನ್ನಿ ಎಂದು ಗಿರಾಕಿಯನ್ನು ಹಿಂದಕ್ಕೆ ಕಳಿಸುವ ವ್ಯಾಪಾರಿ ಎಲ್ಲಿದ್ದಾನೆ?

ಆದ್ದರಿಂದ ತೊಟ್ಟಿ ಮೊದಲು, ಮೀನು ಆಮೇಲೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸಾಕು. ಅದರಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 50 ಕಿಲೋ ಆಗುವುದರಿಂದ ಅಲುಗಾಡುವ ಟೀಪಾಯಿಯ ಮೇಲೆ ಇಡಬೇಡಿ. ಮರಳು ಹಾಸಿ, ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಇಟ್ಟು, ನಾಲ್ಕಾರು ನೀರುಗಿಡ ನೆಟ್ಟು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೇ ಹಾಕುತ್ತ ಬನ್ನಿ. ಮಕ್ಕಳು ನಗುತ್ತಾರೆ, ನಗಲಿ. ಅದು ಬ್ಯಾಕ್ಟೀರಿಯಾಗಳಿಗೆ ಹಾಕುವ ಊಟ. ಹಳೆಯ ತೊಟ್ಟಿಯಿರುವ ಗೆಳೆಯರ ಮನೆಯಿಂದ ಬಳಸಿದ ಸ್ಪಂಜಿನ ತುಂಡೊಂದು ಸಿಕ್ಕರೆ ಆರು ವಾರ ಎರಡಾಗಬಹುದು. ಅಮೋನಿಯಾ, ನೈಟ್ರೈಟ್ ಅಳೆಯುವ ಹನಿಪರೀಕ್ಷೆಯ ಕಿಟ್‌ಗಳು ಸಿಗುತ್ತವೆ. ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡ ದಿನ ಮೀನು ತರಲು ಶುಭ ಮುಹೂರ್ತ.

ನೀರು ಯಾವುದು? ಕಾವೇರಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರಿಗೂ ನಮ್ಮ ಬ್ಯಾಕ್ಟೀರಿಯಾಗಳಿಗೂ ಮಾರಕ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಬೆರೆತ ದ್ರಾವಣದ ಕೆಲವು ಹನಿ ಸಾಕು. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ತಂಟೆ ಇಲ್ಲ, ಆದರೆ ಗಡಸುತನವಿದೆ, ಕ್ಷಾರಗುಣವಿದೆ. ಇಲ್ಲೊಂದು ಸೂಕ್ಷ್ಮವಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಅವುಗಳಲ್ಲಿ ಒಂದೇ ನಿಜವಾದ ವಿಷ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಅಂದರೆ ಒಬ್ಬರ ಮನೆಯಲ್ಲಿ ಹೇಗೋ ತಾಳಿಕೊಂಡ ಮೀನು, ಬೋರ್‌ವೆಲ್ ನೀರಿನ ಪಕ್ಕದ ಮನೆಯಲ್ಲಿ ಅಷ್ಟೇ ಕೊಳೆಗೆ ಸತ್ತುಹೋಗಬಹುದು. ‘ಅವರ ಕೈಗುಣ ಒಳ್ಳೆಯದು’ ಎಂದು ನಾವು ಹೇಳುವುದರ ಹಿಂದೆ ಎಷ್ಟೋ ಬಾರಿ ಇಂಥ ರಸಾಯನಶಾಸ್ತ್ರ ಅಡಗಿರುತ್ತದೆ.

ವೈಟ್ ಕ್ಲೌಡ್ ಗುಂಪುಜೀವಿ. ಒಂದು ಜೋಡಿ ತಂದರೆ ಎರಡೂ ಗಿಡದ ಹಿಂದೆ ಅವಿತುಕೊಂಡು ಬಣ್ಣಗೆಡುತ್ತವೆ. ಎಂಟು ಹತ್ತು ಒಟ್ಟಿಗಿದ್ದರೆ ಗಂಡುಗಳು ರೆಕ್ಕೆ ಬಿಚ್ಚಿ ಒಂದರ ಮುಂದೊಂದು ಜಂಬ ತೋರುತ್ತವೆ, ಜಗಳದಲ್ಲಿ ಯಾರಿಗೂ ಗಾಯವಾಗುವುದಿಲ್ಲ. ಮೊದಲ ಕಂತಿನಲ್ಲಿ ಐದಾರು ತಂದು, ಎರಡು ವಾರ ಬಿಟ್ಟು ಉಳಿದವನ್ನು ಸೇರಿಸುವುದು ಕ್ಷೇಮ. ಮೇಲೆ ಮುಚ್ಚಳ ಬೇಕೇ ಬೇಕು, ಇವು ಹಾರುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಪೂರ್ತಿ ತೊಟ್ಟಿಯನ್ನು ಖಾಲಿ ಮಾಡಿ ಸೋಪು ಹಾಕಿ ತಿಕ್ಕುವ ನಮ್ಮ ಶುಚಿತ್ವದ ಉತ್ಸಾಹ ಇಲ್ಲಿ ಅನಾಹುತಕಾರಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿದರೂ ಆರು ವಾರದ ಹೆಪ್ಪು ಕ್ಲೋರಿನ್ನಿಗೆ ಬಲಿ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದನ್ನು ಅದ್ದಿ ಹಿಂಡಬೇಕು. ಆ ನೀರನ್ನು ಚರಂಡಿಗೆ ಚೆಲ್ಲಬೇಡಿ, ತುಳಸಿಗೋ ಮಲ್ಲಿಗೆಗೋ ಹಾಕಿ.

ಆಹಾರ ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಬಾಯಿ ಚಿಕ್ಕದು, ಪುಡಿ ಮಾಡಿ ಹಾಕಬೇಕು. ಅತಿಥಿಗಳು ಬಂದಾಗಲೆಲ್ಲ ‘ನೋಡಿ ಹೇಗೆ ತಿನ್ನುತ್ತೆ’ ಎಂದು ಪ್ರದರ್ಶನ ಏರ್ಪಡಿಸುವ ಮನೆಗಳಲ್ಲಿ ಮೀನು ಬಾಳುವುದು ಕಷ್ಟ. ಹಬ್ಬಕ್ಕೆ ಮೂರು ದಿನ ಊರಿಗೆ ಹೋದರೆ ಮೀನು ಉಪವಾಸದಿಂದ ಸಾಯುವುದಿಲ್ಲ. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋದರೆ ಸಾಯುವ ಸಂಭವ ಹೆಚ್ಚು! ಇನ್ನು ಡೆಂಗಿ ಜ್ವರದ ದಿನಗಳಲ್ಲಿ ಮನೆಯೊಳಗೆ ನೀರು ನಿಲ್ಲಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಸೊಳ್ಳೆಮರಿಗಳು ಈ ಮೀನಿನ ಪರಮಪ್ರಿಯ ಆಹಾರ. ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಮೀನಿಗಾಗಿ ನೀರು ಹಿಡಿದು ಬಾಲ್ಕನಿಯಲ್ಲಿ ಮರೆತ ಬಕೆಟ್ಟಿನಲ್ಲಿ ಹುಟ್ಟುತ್ತದೆ.

ನಿಜವಾದ ಪರೀಕ್ಷೆ ಬೇಸಿಗೆ. ತಣ್ಣೀರಿನ ಮೀನು ಸಾಕುವವರಿಗೆ ಇಂಗ್ಲೆಂಡಿನಲ್ಲಿ ಚಳಿಯ ಚಿಂತೆ, ನಮಗೆ ಏಪ್ರಿಲ್ಲಿನ ಚಿಂತೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನಮ್ಮ ಎತ್ತರದಲ್ಲಿ ಇನ್ನೂ ತುಸು ಕಡಿಮೆ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತ ಹೋಗುತ್ತದೆ. ಇದಕ್ಕೆ ವಿದೇಶಿ ಪುಸ್ತಕಗಳು ಸಾವಿರಾರು ರೂಪಾಯಿಯ ಚಿಲ್ಲರ್ ಯಂತ್ರ ಸೂಚಿಸುತ್ತವೆ. ನಮ್ಮ ಅಜ್ಜಿಯರ ಬಳಿ ಇದಕ್ಕಿಂತ ಅಗ್ಗದ ವಿದ್ಯೆ ಇತ್ತು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ. ಅದೇ ತತ್ವದಲ್ಲಿ ಒಂದು ಪುಟ್ಟ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಇಟ್ಟು, ಮುಚ್ಚಳದ ಜಾಗದಲ್ಲಿ ಸೊಳ್ಳೆಪರದೆಯ ತುಂಡು ಬಿಗಿದರೆ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಮತ್ತೆ ತುಂಬುತ್ತಿರಬೇಕು. ಕಿಟಕಿಯ ಬಿಸಿಲು ಬೀಳುವ ಕಡೆ, ಟಿ.ವಿ. ಮತ್ತು ಫ್ರಿಜ್ಜಿನ ಪಕ್ಕ ತೊಟ್ಟಿ ಇಡುವುದು ಬೇಡ. ಸಂಜೆ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಅರ್ಧ ಗಂಟೆಗೊಮ್ಮೆ ಚೊಂಬಿನಲ್ಲಿ ಅದೇ ನೀರನ್ನು ಎತ್ತಿ ಮೇಲಿನಿಂದ ಹೊಯ್ದರೂ ಸಾಕಾಗುತ್ತದೆ.

ಚೀನಾದ ಮೀನೇ ಏಕೆ, ನಮ್ಮದು ಯಾವುದೂ ಇಲ್ಲವೇ ಎಂದು ಸ್ವದೇಶಾಭಿಮಾನಿಗಳು ಕೇಳಬಹುದು. ಧಾರಾಳವಾಗಿ ಇದೆ. ಟಿಪ್ಪುವಿನ ಪತನದ ಬೆನ್ನಲ್ಲೇ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಊರೂರಿನ ಬೆಳೆ, ಜಾತಿ, ಕಂದಾಯ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸದ ಓದುಗರಿಗೆ ಪರಿಚಿತ. ಆತ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಧರಿಸಿ 1822ರಲ್ಲಿ ಗಂಗೆಯ ಮೀನುಗಳ ಕುರಿತು ಗ್ರಂಥ ಪ್ರಕಟಿಸಿದ. ಮೈಮೇಲೆ ನೀಲಿ ಪಟ್ಟೆಗಳಿರುವ ಜೀಬ್ರಾ ಡೇನಿಯೊ, ಕೆಂಬಣ್ಣದ ರೋಸಿ ಬಾರ್ಬ್ ಎರಡನ್ನೂ ವಿಜ್ಞಾನಕ್ಕೆ ಪರಿಚಯಿಸಿದ್ದು ಅದೇ ಗ್ರಂಥ. ಎರಡೂ ನಮ್ಮ ಉಪಖಂಡದ ಮೀನುಗಳು, ಎರಡಕ್ಕೂ ಹೀಟರ್ ಬೇಡ. ಜೀಬ್ರಾ ಡೇನಿಯೊ ಅಂತೂ ನಿಸರ್ಗದಲ್ಲಿ ಚಳಿಗಾಲದ 6 ಡಿಗ್ರಿಯಿಂದ ಬೇಸಿಗೆಯ 38 ಡಿಗ್ರಿಯವರೆಗೂ ಕಂಡುಂಡ ಜೀವ. ವೈಟ್ ಕ್ಲೌಡ್ ಬಾಳದ ಬಿಸಿ ಊರುಗಳವರಿಗೆ ನಾನು ಹೇಳುವುದು ಇದನ್ನೇ. ಜಗತ್ತಿನ ಪ್ರಯೋಗಾಲಯಗಳೆಲ್ಲ ಇದನ್ನು ಸಾಕುತ್ತವೆ. 2013ರಲ್ಲಿ ಪ್ರಕಟವಾದ ಇದರ ಜೀನೋಮ್ ಅಧ್ಯಯನದ ಪ್ರಕಾರ ಮನುಷ್ಯನ ಶೇ 70ರಷ್ಟು ಜೀನ್‌ಗಳಿಗೆ ಈ ಮೀನಿನಲ್ಲಿ ಜೋಡಿಗಳಿವೆ. ಇಷ್ಟು ಪ್ರಖ್ಯಾತ ಭಾರತೀಯನನ್ನು ನಾವು ಅಂಗಡಿಯ ಮೂಲೆಯ ಅಗ್ಗದ ಮೀನೆಂದು ಕಡೆಗಣಿಸಿದ್ದೇವೆ.

ಆದರೆ ‘ನಮ್ಮದು’ ಎಂಬ ಅಭಿಮಾನದಿಂದ ಪಶ್ಚಿಮಘಟ್ಟದ ಕೆಂಪುಗೆರೆಯ ಡೆನಿಸನ್ ಬಾರ್ಬ್, ಅಂದರೆ ‘ಮಿಸ್ ಕೇರಳ’ಕ್ಕೆ ಮಾತ್ರ ಕೈ ಹಾಕಬೇಡಿ. ಸಹ್ಯಾದ್ರಿಯ ಹೆಸರನ್ನೇ ಕುಲನಾಮವಾಗಿ ಹೊತ್ತ ಆ ಚೆಲುವೆ ಅರ್ಧ ಅಡಿ ಬೆಳೆಯುತ್ತದೆ, ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಕಾಡುತೊರೆಗಳಿಂದ ಮಿತಿಮೀರಿ ಹಿಡಿದ ಪರಿಣಾಮ ಅದೀಗ ಅಪಾಯದ ಅಂಚಿನ ಪ್ರಭೇದಗಳ ಪಟ್ಟಿಯಲ್ಲಿದೆ.

ಎಲ್ಲವೂ ಸರಿಹೋದರೆ ಮೂರು ನಾಲ್ಕು ತಿಂಗಳಲ್ಲಿ ಹೊಸ ಸಮಸ್ಯೆಯೊಂದು ಎದುರಾಗುತ್ತದೆ. ನೀರಿನ ಮೇಲ್ಮೈಯಲ್ಲಿ, ಪಾಚಿಯ ಪಕ್ಕ, ಕಣ್ಣೆವೆಯಷ್ಟು ಉದ್ದದ ಎಳೆಗಳು ಚಲಿಸತೊಡಗುತ್ತವೆ. ವೈಟ್ ಕ್ಲೌಡ್ ಗಿಡಗಳ ನಡುವೆ ಮೊಟ್ಟೆ ಚೆಲ್ಲುತ್ತದೆ, ಎರಡು ದಿನಗಳ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಹೊಟ್ಟೆ ತುಂಬಿದ ತಾಯಿತಂದೆಯರು ಮರಿಗಳ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಹತ್ತು ಮೀನು ಮೂವತ್ತಾಗುತ್ತವೆ. ಆಗ ಕೆಲವರಿಗೆ ಹತ್ತಿರದ ಕೆರೆ ನೆನಪಾಗುತ್ತದೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರ ಸುಮಾರಿಗೆ ಇಟಲಿಯಿಂದ ತಂದು ಬಿಟ್ಟ ಗಾಂಬೂಸಿಯಾ ಮೀನು ಇಂದು ದೇಶದ ಉದ್ದಗಲಕ್ಕೂ ಸ್ಥಳೀಯ ಮೀನುಗಳ ಮೊಟ್ಟೆಮರಿಗಳನ್ನು ಮುಕ್ಕುತ್ತಿದೆ. ತೊಟ್ಟಿಯ ಗಾಜು ನೆಕ್ಕಲೆಂದು ಕೊಂಡು, ಬೆಳೆದ ಮೇಲೆ ಬೇಡವಾಗಿ ಬಿಟ್ಟ ಸಕರ್ ಮೀನುಗಳು ಮೀನುಗಾರರ ಬಲೆ ಹರಿಯುತ್ತಿವೆ. ಬಿಟ್ಟವರೆಲ್ಲ ದಯೆಯಿಂದಲೇ ಬಿಟ್ಟಿದ್ದರು. ಹೆಚ್ಚಾದ ಮರಿಗಳನ್ನು ಆರು ವಾರ ಕಾಯುವ ತಾಳ್ಮೆಯಿರುವ ಗೆಳೆಯರಿಗೆ, ಹೆಪ್ಪಿನ ಸ್ಪಂಜಿನ ತುಂಡಿನ ಸಮೇತ ಕೊಡಿ. ಅಂಥವರು ಸಿಗದಿದ್ದರೆ ಅಂಗಡಿಗೇ ಹಿಂತಿರುಗಿಸಿ. ಹಣ ಕೊಡದಿದ್ದರೂ ಒಂದು ಡಬ್ಬಿ ಆಹಾರವನ್ನಾದರೂ ಕೊಟ್ಟಾರು.